ಕ್ಷುದ್ರಗ್ರಹವೂ ಮುರಕಲ್ಲೂ

1866ನೆಯ ಇಸವಿಯಲ್ಲಿ ಮದರಾಸು ಪ್ರೆಸಿಡೆನ್ಸಿಯ ಎಲ್ಲೆಯೊಳಗೆ ಎರಡು ಘಟನೆಗಳು ನಡೆದುವು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿಯ ಪರಿಸರದಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ಅದೇ ವರ್ಷ ಮದರಾಸಿನ ಖಗೋಲ ವೀಕ್ಷಣಾಲಯದಲ್ಲಿ ನಾರ್ಮನ್ ರಾಬರ್ಟ್ ಪಾಗ್ಸನ್ ದೂರದರ್ಶಕದೊಳಗೆ ಒಂದು ಚುಕ್ಕಿಯನ್ನು ಕಂಡರು; ಅದು ನಕ್ಷತ್ರಗಳ ನಡುವೆ ಜರಗುತ್ತಿರುವುದನ್ನು ಗಮನಿಸಿ, ಸೂರ್ಯನನ್ನು ಸುತ್ತುವ ಹೊಸ ಕಾಯವೆಂದು ಸಾರಿದರು. ಉಡುಪಿಯ ಕಲ್ಲು ಇಂದಿಗೂ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ‘ಉಡುಪಿ’ ಎಂಬ ಹೆಸರಿನಿಂದಲೇ ಇದೆ. ಪಾಗ್ಸನ್ನರ ಚುಕ್ಕಿ ಕ್ಷುದ್ರಗ್ರಹಗಳ ಸಾಲಿನಲ್ಲಿ 87ನೆಯದು. ಸಿಲ್ವಿಯಾ ಎಂದು ಅದರ ಹೆಸರು. ನಮ್ಮ ಪೈವಳಿಕೆಯೂ ಆಗ ಅದೇ ಜಿಲ್ಲೆಯ, ಅದೇ ಪ್ರೆಸಿಡೆನ್ಸಿಯ ಒಂದು ಗ್ರಾಮ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದುದರಿಂದ ಮದರಾಸಿನ ಆ ವೀಕ್ಷಣಾಲಯವನ್ನು ನಮ್ಮ ಅಜ್ಜಂದಿರ ಕಾಲದ ‘ನಮ್ಮ ಸರಕಾರದ’ ವೀಕ್ಷಣಾಲಯವೆಂದು ಕರೆದರೆ ಇತಿಹಾಸಕ್ಕೆ ಅಪಚಾರವಾಗದು.

ಒಂದು ಕೈಗೆ ಸಿಕ್ಕಿದ ಕಲ್ಲು; ಇನ್ನೊಂದು ಕಣ್ಣಿಗೆ ಮಾತ್ರ ಸಿಕ್ಕಿದ ಬೆಳಕಿನ ಬಿಂದು. ಇವೆರಡೂ ಒಂದೇ ಕುಲದ ವಸ್ತುಗಳೆಂದು ಹೇಳಬೇಕಾದರೆ ಆ ಬಿಂದುವಿನ ಗಾತ್ರವೆಷ್ಟು, ತೂಕವೆಷ್ಟು, ಬಣ್ಣವೇನು, ಒಳಗೆ ಗಟ್ಟಿಯೋ ಟೊಳ್ಳೋ ಎಂಬುದೆಲ್ಲ ತಿಳಿಯಬೇಕು. ಕ್ಷುದ್ರಗ್ರಹಗಳ ಭೌತಗುಣಗಳನ್ನು ಕುರಿತ ಸಂಶೋಧನೆ ಎಂದರೆ ಇದೇ. ಐಚ್ಛಿಕ ಕನ್ನಡದವರ ವಾರ್ತಾಪತ್ರದಲ್ಲಿ ಈ ವಿಷಯಕ್ಕೇನು ಕೆಲಸವೆಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಲ್ಲನ್ನು ಇದ್ದಂತೆ ಬಣ್ಣಿಸುವುದು ಭಾಷೆಯ ಕೆಲಸ. ಆ ಕೆಲಸವನ್ನು ಕನ್ನಡ ವಿಭಾಗಗಳು ತಮ್ಮದಲ್ಲವೆಂದು ಬಿಟ್ಟುಕೊಟ್ಟದ್ದರಿಂದ ವಿಜ್ಞಾನಕ್ಕಿಂತ ಹೆಚ್ಚಾಗಿ ಕನ್ನಡಕ್ಕೆ ನಷ್ಟವಾಗಿದೆ. ಇದನ್ನು ಸಮರ್ಥಿಸಲು ನನಗೆ ಆಕಾಶದ ಕಲ್ಲೂ ಬೇಕು, ನಮ್ಮೂರಿನ ಮುರಕಲ್ಲೂ ಬೇಕು.

ಮೊದಲು ಹೆಸರಿನ ಮಾತು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಸೆರೆಸ್ ಎಂಬ ಕಾಯವನ್ನು ಕಂಡರು. ಮರುವರ್ಷ ವಿಲಿಯಂ ಹರ್ಷೆಲ್ ಇಂಥವುಗಳಿಗೆ ‘ಆಸ್ಟರಾಯಿಡ್’, ಎಂದರೆ ನಕ್ಷತ್ರದಂಥದ್ದು, ಎಂಬ ಹೆಸರನ್ನು ಸೂಚಿಸಿದರು. ದೂರದರ್ಶಕದಲ್ಲಿಯೂ ಅದು ನಕ್ಷತ್ರದಂತೆ ಬರಿಯ ಚುಕ್ಕಿಯಾಗಿಯೇ ಕಾಣುತ್ತಿತ್ತು. ಹೆಸರು ನೋಡುವವನ ಅನುಭವದಿಂದ ಹುಟ್ಟಿತು. ನಮ್ಮ ‘ಕ್ಷುದ್ರಗ್ರಹ’ದ ಹುಟ್ಟು ಬೇರೆ. ಸಂಸ್ಕೃತದಲ್ಲಿ ಕ್ಷುದ್ರವೆಂದರೆ ಚಿಕ್ಕದು ಎಂಬ ಅರ್ಥವೂ ಇದೆ, ನಿಜ. ಕನ್ನಡದ ಕಿವಿಗೆ ಮಾತ್ರ ಅದು ಕ್ಷುದ್ರಬುದ್ಧಿ, ಕ್ಷುದ್ರದೇವತೆಗಳ ಸಂಗಡ ಕೇಳಿಸುತ್ತದೆ. ಅದರ ಮೇಲೆ ‘ಗ್ರಹ’ ಬೇರೆ. ಗ್ರಹಚಾರದ ನೆನಪು ಬಾರದೆ ಇರುವುದಿಲ್ಲ. ದಿನಪತ್ರಿಕೆಗಳಲ್ಲಿ ಕ್ಷುದ್ರಗ್ರಹವೆಂಬ ಮಾತು ಬಂದಾಗಲೆಲ್ಲ ಪಕ್ಕದಲ್ಲಿ ‘ಭೂಮಿಗೆ ಅಪಾಯ’ ಎಂಬ ಶೀರ್ಷಿಕೆ ಇರುವುದಕ್ಕೆ ಈ ಹೆಸರೂ ಸ್ವಲ್ಪ ಕಾರಣವೆಂದು ನನಗೆ ಗುಮಾನಿ. ಬೇರೂರಿದ ಹೆಸರನ್ನು ಕೀಳಬೇಕೆಂದು ನಾನು ಹೇಳುವುದಿಲ್ಲ. ಹೆಸರು ವಸ್ತುವನ್ನು ನೋಡಿ ಇಟ್ಟದ್ದಲ್ಲ ಎಂಬ ಎಚ್ಚರವಿದ್ದರೆ ಸಾಕು.

ಇನ್ನು ವಸ್ತು. ಕ್ಷುದ್ರಗ್ರಹದಿಂದ ನಮಗೆ ಬರುವುದು ಅದು ಹಿಂದಿರುಗಿಸಿದ ಸೂರ್ಯನ ಬೆಳಕು. ಬೆಳಕಿನ ಪ್ರಮಾಣವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಅಳತೆಗೋಲನ್ನು ನಿಗದಿ ಮಾಡಿದವರು ಇದೇ ಪಾಗ್ಸನ್. 1856ರಲ್ಲಿ, ಅವರು ಮದರಾಸಿಗೆ ಬರುವ ಮೊದಲು. ಐದು ಮೆಟ್ಟಿಲಿನ ವ್ಯತ್ಯಾಸಕ್ಕೆ ನೂರು ಪಟ್ಟು ಬೆಳಕು ಎಂಬುದು ಅವರ ಲೆಕ್ಕ. ಆದರೆ ಬೆಳಕನ್ನು ಅಳೆದ ಮಾತ್ರಕ್ಕೆ ಗಾತ್ರ ತಿಳಿಯದು. ಸುಣ್ಣ ಬಳಿದ ಸಣ್ಣ ಗೋಡೆಯೂ ಮಸಿ ಹಿಡಿದ ದೊಡ್ಡ ಗೋಡೆಯೂ ದೂರದಿಂದ ಒಂದೇ ಪ್ರಮಾಣದ ಬೆಳಕನ್ನು ಕಳಿಸಬಲ್ಲವು. ಬಿದ್ದ ಬೆಳಕಿನಲ್ಲಿ ನೂರಕ್ಕೆ 40 ಪಾಲನ್ನು ಹಿಂದಿರುಗಿಸುವ ಕಾಯಕ್ಕೂ 4 ಪಾಲನ್ನು ಮಾತ್ರ ಹಿಂದಿರುಗಿಸುವ ಕಾಯಕ್ಕೂ ಹೊಳಪು ಒಂದೇ ಆಗಿ ಕಂಡರೆ, ಎರಡನೆಯದರ ವ್ಯಾಸ ಮೊದಲನೆಯದರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಘನಗಾತ್ರ ಮೂವತ್ತು ಪಟ್ಟಿಗೂ ಮಿಕ್ಕಿ. ಒಂದೇ ಸಾಕ್ಷ್ಯಕ್ಕೆ ಎರಡು ಅರ್ಥ. ಇದನ್ನು ಬಿಡಿಸಲು ಇನ್ನೊಂದು ಸಾಕ್ಷಿ ಬೇಕು. ಹೀರಿಕೊಂಡ ಬೆಳಕಿನಿಂದ ಕಾಯ ಬಿಸಿಯಾಗಿ ಹೊರಸೂಸುವ ಶಾಖವನ್ನು ಅಳೆದರೆ, ಮಸಿಗೋಡೆ ಯಾವುದು, ಸುಣ್ಣದ ಗೋಡೆ ಯಾವುದು ಎಂದು ತಿಳಿಯುತ್ತದೆ. ಹಳೆಯ ಕಾವ್ಯದ ಒಂದು ಪದಕ್ಕೆ ಎರಡು ಪಾಠಗಳು ಸಿಕ್ಕಿದಾಗ ಮೂರನೆಯ ಪ್ರತಿಯನ್ನು ಹುಡುಕುವುದನ್ನು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತವರಿಗೆ ಈ ದಾರಿ ಅಪರಿಚಿತವಾಗಿ ಕಾಣಬಾರದು.

ತೂಕದ ಸಂಗತಿ ಇದಕ್ಕಿಂತ ಕಷ್ಟದ್ದು. ತಕ್ಕಡಿ ಇಲ್ಲದಲ್ಲಿ ತೂಗುವುದು ಹೇಗೆ? ಕ್ಷುದ್ರಗ್ರಹವನ್ನು ಸುತ್ತುವ ಚಂದ್ರನೊಂದಿದ್ದರೆ, ಅದು ಎಷ್ಟು ದೂರದಲ್ಲಿ ಎಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತದೆಂಬುದನ್ನು ನೋಡಿ ನಡುವಿನ ಕಾಯದ ದ್ರವ್ಯರಾಶಿಯನ್ನು ಲೆಕ್ಕ ಹಾಕಬಹುದು. ಪಾಗ್ಸನ್ನರ ಸಿಲ್ವಿಯಾಕ್ಕೆ ಅಂಥ ಒಂದು ಚಂದ್ರ ಇರುವುದು 2001ರಲ್ಲಿ ಕಂಡಿತು. 2004ರಲ್ಲಿ ಎರಡನೆಯದೂ ಕಂಡಿತು. ರೋಮುಲಸ್, ರೀಮಸ್ ಎಂದು ಅವುಗಳ ಹೆಸರು. ಎರಡು ಚಂದ್ರಗಳಿರುವ ಕ್ಷುದ್ರಗ್ರಹವೆಂದು ಗುರುತಿಸಲ್ಪಟ್ಟ ಮೊದಲನೆಯದು ನಮ್ಮ ಮದರಾಸಿನ ಸಿಲ್ವಿಯಾ. ಪಾಗ್ಸನ್ 1868ರಲ್ಲಿ ಅಲ್ಲಿಂದಲೇ ಕಂಡ ಕ್ಯಾಮಿಲ್ಲಾಕ್ಕೂ ಎರಡು ಚಂದ್ರಗಳಿವೆ. ಲೆಕ್ಕ ಹಾಕಿದಾಗ ಬಂದ ಉತ್ತರ ವಿಚಿತ್ರವಾಗಿತ್ತು. ಸುಮಾರು 270 ಕಿಲೋಮೀಟರ್ ಅಡ್ಡಗಲದ ಸಿಲ್ವಿಯಾ ಅಷ್ಟೇ ಗಾತ್ರದ ನೀರಿಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ನೀರನ್ನು 1 ಎಂದಿಟ್ಟುಕೊಂಡರೆ ಅದರ ಸಾಂದ್ರತೆ 1.2ರಿಂದ 1.4ರವರೆಗೆ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಕಲ್ಲೆಂದುಕೊಂಡದ್ದು ಇಷ್ಟು ಹಗುರವೇ?

ಇಲ್ಲಿ ಉಡುಪಿಯ ಕಲ್ಲಿನ ನೆನಪು ಬರುತ್ತದೆ. ಅದು ‘ಎಚ್5’ ಎಂಬ ವರ್ಗದ್ದು. ಲೋಹದ ಅಂಶ ಹೆಚ್ಚಾಗಿರುವ ಸಾಮಾನ್ಯ ಶಿಲಾ ಉಲ್ಕೆ. ಇಂಥವನ್ನು ಕೈಯಲ್ಲಿ ಹಿಡಿದರೆ ಭಾರ. ಇವುಗಳ ಬಳಗದ ಸಾಂದ್ರತೆ ಸಾಮಾನ್ಯವಾಗಿ 3.2ರಿಂದ 3.5ರ ಆಸುಪಾಸು. ಜಪಾನಿನ ಹಯಬುಸಾ ನೌಕೆ 2005ರಲ್ಲಿ ತಲುಪಿದ ಇಟೊಕಾವಾ ಎಂಬ ಕ್ಷುದ್ರಗ್ರಹ ಈ ಬಳಗಕ್ಕೇ ಸೇರಿದ್ದು. 2010ರಲ್ಲಿ ಭೂಮಿಗೆ ಬಂದ ಅದರ ಕಣಗಳು ಅದನ್ನು ಖಚಿತಪಡಿಸಿದುವು. ಆದರೆ ಇಡಿಯ ಇಟೊಕಾವಾದ ಸಾಂದ್ರತೆ 1.9 ಮಾತ್ರ. ಕಣಗಳು ಭಾರ, ಒಟ್ಟು ಹಗುರ. ಎಂದರೆ ಸುಮಾರು 535 ಮೀಟರ್ ಉದ್ದದ ಆ ಗುಡ್ಡದಲ್ಲಿ ನೂರಕ್ಕೆ ನಲವತ್ತರಷ್ಟು ಜಾಗ ಬರಿದಾಗಿದೆ. ಅದು ಏಕಶಿಲೆಯಲ್ಲ; ಯಾವುದೋ ಕಾಲದ ಅಪ್ಪಳಿಕೆಯಲ್ಲಿ ಒಡೆದ ಚೂರುಗಳು ತಮ್ಮ ಅಲ್ಪ ಗುರುತ್ವದಿಂದಲೇ ಮತ್ತೆ ಒಟ್ಟುಗೂಡಿ ಆದ ರಾಶಿ. ಹಾಗೆ ಒಟ್ಟುಗೂಡುವಾಗ ಚೂರುಗಳು ಮೊದಲಿನಂತೆ ಒಂದಕ್ಕೊಂದು ಹೊಂದಿಕೊಳ್ಳಲಿಲ್ಲ. ಲಾರಿಯಿಂದ ಸುರಿದ ಜಲ್ಲಿಯ ಗುಪ್ಪೆಯನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ.

ಸಾಂದ್ರತೆ, ಸರಂಧ್ರತೆ ಎಂಬ ಪದಗಳನ್ನು ಹತ್ತನೆಯ ತರಗತಿಯ ಪುಸ್ತಕದಲ್ಲಿ ಬಾಯಿಪಾಠ ಮಾಡಿ ಮರೆತವರು ನಮ್ಮಲ್ಲಿ ಬಹಳ. ಪೈವಳಿಕೆಯಲ್ಲಿ ಬೆಳೆದವರಿಗೆ ಈ ಎರಡು ಗುಣಗಳ ಅನುಭವ ಮಾತ್ರ ಅಕ್ಷರಾಭ್ಯಾಸಕ್ಕಿಂತ ಮೊದಲೇ ಆಗಿರುತ್ತದೆ. ಮನೆಯ ಗೋಡೆ ಮುರಕಲ್ಲಿನದು, ಅಡಿಪಾಯ ಕೆಲವೆಡೆ ಕಪ್ಪುಕಲ್ಲಿನದು. ಒಂದೇ ಗಾತ್ರದ ಎರಡು ತುಂಡುಗಳನ್ನು ಎತ್ತಿ ನೋಡಿದ ಮಗುವಿಗೆ ಸಾಂದ್ರತೆಯೆಂದರೇನೆಂದು ಗೊತ್ತು. ಮುರಕಲ್ಲಿನ ಮೇಲೆ ಒಂದು ತಂಬಿಗೆ ನೀರು ಹೊಯ್ದರೆ ಅದು ಮಾಯವಾಗುವುದನ್ನು ಕಂಡವರಿಗೆ ಸರಂಧ್ರತೆಯೂ ಗೊತ್ತು. ನಮ್ಮ ಊರಿನ ಸುರಂಗಗಳೇ ಇದಕ್ಕೆ ದೊಡ್ಡ ಸಾಕ್ಷಿ. ಗುಡ್ಡದ ಬದಿಯಿಂದ ಅಡ್ಡಲಾಗಿ ಮುರಕಲ್ಲನ್ನು ಕೊರೆದು, ಕಲ್ಲಿನ ತೂತುಗಳಲ್ಲಿ ಇಳಿದು ಬಂದ ಮಳೆನೀರನ್ನು ಹೊರಗೆ ಹರಿಸಿಕೊಂಡವರು ನಮ್ಮ ಹಿರಿಯರು. ನೀರು ಒಸರುವಷ್ಟು ತೂತು ಇರಬೇಕು. ಮಾಡು ಕುಸಿಯದಷ್ಟು ಬಿಗಿಯೂ ಇರಬೇಕು. ಪಿಕ್ಕಾಸಿನ ಏಟಿಗೆ ಕಲ್ಲು ಕೊಡುವ ಸದ್ದಿನಿಂದ, ಕೈಗೆ ತಗಲುವ ತಂಪಿನಿಂದ, ಸುರಂಗ ತೋಡುವವರು ಇವೆರಡನ್ನೂ ಅಂದಾಜು ಮಾಡುತ್ತಿದ್ದರು. ಇದು ಭೌತಗುಣಗಳ ಸಂಶೋಧನೆಯಲ್ಲದೆ ಮತ್ತೇನು?

ಹೋಲಿಕೆಗೆ ಒಂದು ಗಡಿಯಿದೆ. ನಮ್ಮ ಮುರಕಲ್ಲಿನ ತೂತುಗಳು ಮಳೆಯ ಕೆಲಸ. ಸಾವಿರಾರು ವರ್ಷಗಳ ಕಾಲ ಮಳೆನೀರು ಕರಗುವ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಉಳಿದು ಆದದ್ದು ಅದು. ಕ್ಷುದ್ರಗ್ರಹದ ಮೇಲೆ ಮಳೆಯಿಲ್ಲ. ಅಲ್ಲಿಯ ಟೊಳ್ಳು ಬೇರೆ ಕಾರಣಗಳದು. ಆದರೆ ‘ತೂತಿರುವ ಕಲ್ಲು’ ಎಂಬ ಕಲ್ಪನೆ ಮನಸ್ಸಿನಲ್ಲಿ ಗಟ್ಟಿಯಾಗಿರುವುದರ ಬೆಲೆ ಎಷ್ಟೆಂಬುದು 2018ರಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ತಿಳಿಯಿತು. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬೆನ್ನು ಎಂಬುದು ಸುಮಾರು 490 ಮೀಟರ್ ಅಡ್ಡಗಲದ ಕ್ಷುದ್ರಗ್ರಹ. (ಹೆಸರು ಪ್ರಾಚೀನ ಈಜಿಪ್ಟಿನ ಒಂದು ದೈವೀ ಪಕ್ಷಿಯದು, ನಮ್ಮ ಬೆನ್ನಿಗೂ ಅದಕ್ಕೂ ನಂಟಿಲ್ಲ.) ಅಲ್ಲಿಗೆ ಒಸಿರಿಸ್-ರೆಕ್ಸ್ ಎಂಬ ನೌಕೆಯನ್ನು ಕಳಿಸುವ ಮುನ್ನ ವಿಜ್ಞಾನಿಗಳು ಭೂಮಿಯಿಂದ ರೇಡಾರಿನ ಮೂಲಕವೂ, ಬಾಹ್ಯಾಕಾಶದ ದೂರದರ್ಶಕದಿಂದ ಶಾಖವನ್ನು ಅಳೆದೂ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಆಕಾರವನ್ನು ಅವರು ಸರಿಯಾಗಿಯೇ ಊಹಿಸಿದ್ದರು. ಮೇಲ್ಮೈಯ ವಿಷಯದಲ್ಲಿ ಎಡವಿದರು. ಎಡವಿದ ಬಗೆ ಹೀಗೆ: ಹಗಲೆಲ್ಲ ಬಿಸಿಲು ಕಾಯ್ದ ಕರಿಬಂಡೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ, ಮರಳು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬಿಸಿಯನ್ನು ಒಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ಈ ಗುಣಕ್ಕೆ ಉಷ್ಣ ಜಡತ್ವವೆಂದು ಹೆಸರಿಟ್ಟಿದ್ದಾರೆ. ಬೆನ್ನುವಿನಲ್ಲಿ ಅದು ಕಡಿಮೆಯಿತ್ತು. ಆದುದರಿಂದ ಮೇಲ್ಮೈಯ ಬಹುಭಾಗ ಚರಳಿನಂತಹ ಸಣ್ಣ ಕಣಗಳಿಂದ ಕೂಡಿದ್ದು, ಇಳಿಯಲು ಅನುಕೂಲವಾಗಿದೆಯೆಂದು ತೀರ್ಮಾನಿಸಿದರು. ಸುಮಾರು 50 ಮೀಟರ್ ಅಗಲದ ಹಸನಾದ ಜಾಗ ಸಿಗುತ್ತದೆಂಬ ಲೆಕ್ಕದಲ್ಲಿ ನೌಕೆಯನ್ನು ಸಜ್ಜುಗೊಳಿಸಿದರು. 2018ರ ಡಿಸೆಂಬರಿನಲ್ಲಿ ನೌಕೆ ಹತ್ತಿರ ಹೋಗಿ ಕಣ್ಣು ತೆರೆದರೆ, ಎಲ್ಲಿ ನೋಡಿದರೂ ಬಂಡೆಗಳು! ಕೊನೆಗೆ ಆರಿಸಿಕೊಂಡ ಜಾಗದ ಅಗಲ 16 ಮೀಟರ್ ಅಷ್ಟೆ.

ಅಳತೆಯಲ್ಲಿ ತಪ್ಪಿರಲಿಲ್ಲ. ಶಾಖದ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ಅರ್ಥದಲ್ಲಿ. ಬೇಗ ತಣಿಯುವುದು ಮರಳು ಮಾತ್ರವಲ್ಲ, ಒಳಗೆಲ್ಲ ತೂತುಗಳಿರುವ ಬಂಡೆಯೂ ಹಾಗೆಯೇ ವರ್ತಿಸಬಲ್ಲದು. ಬೆನ್ನುವಿನ ಬಂಡೆಗಳು ಅಂಥ ತೂತುಬಂಡೆಗಳಾಗಿದ್ದುವು. ಅಲ್ಲಿ ಸಣ್ಣ ಕಣಗಳು ಕಡಿಮೆ ಇರುವುದಕ್ಕೂ ಇದೇ ಕಾರಣವೆಂದು ಆಮೇಲೆ ವಿವರಿಸಿದರು: ಗಟ್ಟಿ ಕಲ್ಲಿಗೆ ಏಟು ಬಿದ್ದರೆ ಅದು ಸಿಡಿದು ಚೂರಾಗುತ್ತದೆ, ತೂತಿನ ಕಲ್ಲಿಗೆ ಬಿದ್ದರೆ ಅದು ಅಲ್ಲಲ್ಲೇ ಒಳಕ್ಕೆ ಅಮರುತ್ತದೆ. ‘ಕಲ್ಲು’ ಎಂದಾಗ ಅವರ ಮನಸ್ಸಿಗೆ ಮೊದಲು ಬಂದದ್ದು ಗಟ್ಟಿಯಾದ ಕಲ್ಲು. ‘ಕಲ್ಲು’ ಎಂದಾಗ ಮುರಕಲ್ಲು ನೆನಪಾಗುವವನೊಬ್ಬ ಆ ಗುಂಪಿನಲ್ಲಿದ್ದಿದ್ದರೆ ತಪ್ಪಾಗುತ್ತಿರಲಿಲ್ಲ ಎಂದು ಹೇಳುವುದು ಬರಿಯ ಜಂಬವಾದೀತು. ಅವರು ನಮಗಿಂತ ಬುದ್ಧಿವಂತರು, ತೂತಿನ ಕಲ್ಲಿನ ಸಾಧ್ಯತೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಲ್ಯದಿಂದ ಕಣ್ಣಿಗೆ ಬಿದ್ದ ವಸ್ತುಗಳು, ಅವುಗಳಿಗಿರುವ ಹೆಸರುಗಳು, ಯಾವ ಅರ್ಥ ಮೊದಲು ಹೊಳೆಯುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಭಾಷೆ ಕಲಿಯುವವರಾದ ನಾವು ಇದನ್ನು ಒಪ್ಪದಿದ್ದರೆ ಇನ್ನಾರು ಒಪ್ಪಬೇಕು?

2020ರ ಅಕ್ಟೋಬರ್ 20ರಂದು ನೌಕೆ ತನ್ನ ಕೈಯನ್ನು ಚಾಚಿ ಆ ನೆಲವನ್ನು ಮುಟ್ಟಿತು. ನೆಲ ತಡೆಯಲೇ ಇಲ್ಲ. ಕೈ ಸುಮಾರು ಅರ್ಧ ಮೀಟರಿನಷ್ಟು ಒಳಗಿಳಿಯಿತು. ನೌಕೆ ಕೂಡಲೇ ಹಿಮ್ಮೆಟ್ಟದಿದ್ದರೆ ಇನ್ನೂ ಇಳಿಯುತ್ತಿತ್ತು. ಅಲ್ಲಿಯ ಕಲ್ಲುಗಳು ಒಂದರ ಮೇಲೊಂದು ಕುಳಿತಿದ್ದುವೇ ಹೊರತು ಒಂದಕ್ಕೊಂದು ಅಂಟಿರಲಿಲ್ಲ. 2023ರ ಸೆಪ್ಟೆಂಬರ್ 24ರಂದು ಭೂಮಿಗೆ ತಲುಪಿದ ಮಾದರಿಯ ತೂಕ 121.6 ಗ್ರಾಂ. ಅದಕ್ಕೆ ಮೊದಲು, 2020ರ ಡಿಸೆಂಬರಿನಲ್ಲಿ, ಜಪಾನಿನ ಹಯಬುಸಾ-2 ನೌಕೆ ರಿಯುಗು ಎಂಬ ಇನ್ನೊಂದು ಕಪ್ಪು ಕ್ಷುದ್ರಗ್ರಹದಿಂದ 5.4 ಗ್ರಾಂ ತಂದಿತ್ತು. ರಿಯುಗು, ಬೆನ್ನು ಎರಡರ ಒಟ್ಟು ಸಾಂದ್ರತೆಯೂ 1.19ರಷ್ಟು.

ತೂತಿರುವ ಕಲ್ಲಿನ ಗಾತ್ರವನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕ್ರಮವೂ ಸೊಗಸಾಗಿದೆ. ನೀರಿನಲ್ಲಿ ಮುಳುಗಿಸಿದರೆ ನೀರು ಒಳಹೋಗಿ ಅಮೂಲ್ಯವಾದ ಮಾದರಿ ಕೆಡುತ್ತದೆ. ವ್ಯಾಟಿಕನ್ ವೀಕ್ಷಣಾಲಯದ ಗೈ ಕಾನ್ಸೊಲ್ಮಾಗ್ನೊ ಮತ್ತು ಅವರ ಸಂಗಡಿಗರು ಉಲ್ಕಾಶಿಲೆಗಳನ್ನು ಸಣ್ಣ ಗಾಜಿನ ಮಣಿಗಳಲ್ಲಿ ಹೂಳಿ ಹೊರಗಾತ್ರವನ್ನು ಅಳೆದರು. ಸೇರಿನಲ್ಲಿ ಅಕ್ಕಿ ತುಂಬಿ, ಅದರೊಳಗೆ ಕಲ್ಲೊಂದನ್ನಿಟ್ಟು, ಎಷ್ಟು ಅಕ್ಕಿ ಹೊರಚೆಲ್ಲಿತೆಂದು ನೋಡಿದಂತೆ. ಬಳಿಕ ಹೀಲಿಯಂ ಅನಿಲವನ್ನು ಬಿಟ್ಟು, ಅದು ಹೊಗಲಾರದ ಘನಭಾಗ ಎಷ್ಟೆಂದು ಕಂಡುಕೊಂಡರು. ಎರಡರ ವ್ಯತ್ಯಾಸವೇ ಒಳಗಿನ ಟೊಳ್ಳು. ಈ ಪ್ರಯೋಗದ ಮೊದಲರ್ಧವನ್ನು ನಮ್ಮ ಯಾವ ಅಡುಗೆಮನೆಯಲ್ಲಿಯೂ ಮಾಡಬಹುದು.

ಇದೆಲ್ಲ ಕುತೂಹಲಕ್ಕೆ ಮಾತ್ರವೆಂದು ಭಾವಿಸಬೇಕಾಗಿಲ್ಲ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ಎಂಬ ನೌಕೆಯನ್ನು ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಅಪ್ಪಳಿಸಿ, ಅದು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಕಡಿಮೆ ಮಾಡಿದರು. ಏಟಿಗೆ ಎದ್ದ ಪುಡಿ ಹಿಂದಕ್ಕೆ ಚಿಮ್ಮಿದ್ದರಿಂದ ತಳ್ಳುವಿಕೆಯ ಬಲ ಹಲವು ಪಟ್ಟಾಯಿತು. ಮುಂದೊಂದು ದಿನ ನಿಜವಾಗಿಯೂ ಒಂದನ್ನು ದಾರಿ ತಪ್ಪಿಸಬೇಕಾಗಿ ಬಂದರೆ, ಅದು ಬಂಡೆಯೋ ಗುಪ್ಪೆಯೋ ಎಂಬುದನ್ನು ಅರಿಯದೆ ಹೊಡೆಯುವಂತಿಲ್ಲ.

ಗುಪ್ಪೆ ಎಂದೆ. ಇಂಥ ಕಾಯಗಳಿಗೆ ಕನ್ನಡದಲ್ಲಿ ಏನೆನ್ನಬೇಕು? ಸಂಸ್ಕೃತದ ನಿಘಂಟನ್ನು ತೆರೆದು ‘ಶಿಲಾಖಂಡಸಂಚಯ’ ಎಂದು ಕಟ್ಟುವುದು ಸುಲಭ. ನನಗೆ ‘ಕಲ್ಲುಗುಂಪೆ’ ಹಿತವೆನಿಸುತ್ತದೆ. ನಮ್ಮ ಪೊಸಡಿಗುಂಪೆಯ ‘ಗುಂಪೆ’ಯನ್ನು ಗುಂಪು, ಗುಪ್ಪೆ ಎಂಬ ಮಾತುಗಳ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ನಂಟು ಏನೆಂಬುದನ್ನು ಭಾಷಾವಿಜ್ಞಾನ ಓದುತ್ತಿರುವವರು ಪರೀಕ್ಷಿಸಲಿ, ತುಳುವನ್ನೂ ಜತೆಗಿಟ್ಟುಕೊಳ್ಳಬೇಕಾದೀತು. ಊರಿನ ಮಾತಿನಿಂದ ಶಾಸ್ತ್ರದ ಪದ ಹುಟ್ಟುವುದು ಅಸಾಧ್ಯವೆನ್ನುವವರಿಗೆ ನಾನು ಒಂದೇ ಉದಾಹರಣೆ ಕೊಡುತ್ತೇನೆ. ಮದರಾಸಿನಿಂದ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಮೂಲಕ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಮಲಬಾರಿನ ಅಂಗಡಿಪುರದ ಕೆಂಪುಕಲ್ಲನ್ನು ವಿವರಿಸಿದ್ದಾನೆ. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಒಡ್ಡಿದೊಡನೆ ಗಡುಸಾಗುವ ಆ ಕಲ್ಲನ್ನು ಇಲ್ಲಿಯವರು ಇಟ್ಟಿಗೆಕಲ್ಲು ಎನ್ನುತ್ತಾರೆಂದು ದಾಖಲಿಸಿ, ಇಟ್ಟಿಗೆಗಿರುವ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಕಟ್ಟಿದ. ಇಂದು ಬ್ರೆಜಿಲಿನಿಂದ ಆಸ್ಟ್ರೇಲಿಯದವರೆಗೆ ಭೂವಿಜ್ಞಾನಿಗಳು ಬಳಸುವ ಪದ, ಮೂಲದಲ್ಲಿ ನಮ್ಮ ಕರಾವಳಿಯ ಕಲ್ಲು ಕಡಿಯುವವರ ಮಾತಿನ ಅನುವಾದ. ನಾವು ಮಾತ್ರ ಆ ಪದವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ‘ಜಂಬಿಟ್ಟಿಗೆ’ ಎಂದರೆ ಸರಿಯೋ ‘ಲ್ಯಾಟರೈಟ್’ ಎಂದರೆ ಸರಿಯೋ ಎಂದು ಚರ್ಚಿಸುತ್ತಿದ್ದೇವೆ.

ಎರಡನೆಯ ಉದಾಹರಣೆ ಮದರಾಸಿನದು. ಪಾಗ್ಸನ್ನರ ವೀಕ್ಷಣಾಲಯದಲ್ಲಿ ಅವರ ಸಹಾಯಕರಾಗಿ ಚಿಂತಾಮಣಿ ರಘುನಾಥಾಚಾರ್ಯರಿದ್ದರು. ಪರಂಪರೆಯ ಜ್ಯೋತಿಷದ ಮನೆತನದಿಂದ ಬಂದು ದೂರದರ್ಶಕವನ್ನು ಕೈಹಿಡಿದವರು ಅವರು. 1874ರ ಡಿಸೆಂಬರಿನಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗಲಿದ್ದಾಗ, ಅದನ್ನು ಜನರಿಗೆ ತಿಳಿಸಲು ಒಂದು ಪುಸ್ತಿಕೆಯನ್ನು ರಚಿಸಿ, ಇಂಗ್ಲಿಷಿನೊಂದಿಗೆ ಈ ದೇಶದ ಹಲವು ಭಾಷೆಗಳಲ್ಲಿಯೂ ಹೊರತಂದರು. ಅವುಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ಖಗೋಲ ವಿಜ್ಞಾನಿ ಬಿ. ಎಸ್. ಶೈಲಜಾ ಅವರು ಆ ಕನ್ನಡ ಪುಸ್ತಿಕೆಯನ್ನು ಅಭ್ಯಾಸ ಮಾಡಿ ಬೆಳಕಿಗೆ ತಂದಿದ್ದಾರೆ. ನೂರೈವತ್ತು ವರ್ಷಗಳ ಹಿಂದೆ ಮದರಾಸಿನಲ್ಲಿ ಕುಳಿತವರಿಗೆ ಕನ್ನಡದಲ್ಲಿ ಖಗೋಲವನ್ನು ಬರೆಯುವುದು ಸಾಧ್ಯವೂ ಅಗತ್ಯವೂ ಆಗಿ ಕಂಡಿತ್ತು.

ನಮ್ಮ ಪಠ್ಯಕ್ರಮದ ಕಡೆಗೆ ಈಗ ತಿರುಗುತ್ತೇನೆ. ಶ್ರೀಧರಾಚಾರ್ಯನ ಜಾತಕತಿಲಕ, 1049. ರಾಜಾದಿತ್ಯನ ವ್ಯವಹಾರಗಣಿತ, 12ನೆಯ ಶತಮಾನ. ಮಂಗರಾಜನ ಖಗೇಂದ್ರಮಣಿದರ್ಪಣ, 14ನೆಯ ಶತಮಾನ. ಸಾಹಿತ್ಯ ಚರಿತ್ರೆಯ ಪತ್ರಿಕೆಯಲ್ಲಿ ಇವು ಎರಡಂಕದ ಪ್ರಶ್ನೆಗಳು. ‘ಶಾಸ್ತ್ರಸಾಹಿತ್ಯ’ ಎಂಬ ತಲೆಬರಹದ ಕೆಳಗೆ ಹೆಸರು, ಕಾಲ ಬರೆದರೆ ಮುಗಿಯಿತು. ರಾಜಾದಿತ್ಯ ಕ್ಷೇತ್ರದ ಅಳತೆಯನ್ನೂ ಕೂಲಿಯ ಲೆಕ್ಕವನ್ನೂ ಕನ್ನಡದ ಪದ್ಯದಲ್ಲಿ ಹೇಗೆ ಹಿಡಿದ, ಅವನಿಗೆ ಪದಗಳು ಎಲ್ಲಿಂದ ಬಂದುವು ಎಂದು ಕೇಳುವ ಪ್ರಶ್ನೆಪತ್ರಿಕೆಯನ್ನು ನಾನು ಕಂಡಿಲ್ಲ. ನೆರೆಯ ಪುತ್ತೂರಿನಲ್ಲಿದ್ದುಕೊಂಡು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದ ಶಿವರಾಮ ಕಾರಂತರನ್ನೂ ನಾವು ಕಾದಂಬರಿಕಾರರೆಂದೇ ಓದಿಸುತ್ತೇವೆ. ಹೀಗೆ ಶತಮಾನಗಳಿಂದ ನಡೆದುಬಂದ ಒಂದು ಬರೆವಣಿಗೆಯನ್ನು ನಾವೇ ಸಾಹಿತ್ಯದ ಅಂಗಳದಿಂದ ಹೊರಗೆ ಕಳಿಸಿ, ಆಮೇಲೆ ಕನ್ನಡದಲ್ಲಿ ವಿಜ್ಞಾನ ಬೆಳೆಯಲಿಲ್ಲವೆಂದು ಭಾಷಣ ಮಾಡುತ್ತೇವೆ.

ಗಡಿಯ ಈಚೆಗಿರುವ ನಮಗೆ ಇದರ ಬಿಸಿ ಹೆಚ್ಚು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಪೈವಳಿಕೆಯ ಹುಡುಗಿ ಹನ್ನೊಂದನೆಯ ತರಗತಿಗೆ ಕಾಲಿಟ್ಟೊಡನೆ ಇಂಗ್ಲಿಷಿನ ಪುಸ್ತಕವನ್ನು ಎದುರಿಸುತ್ತಾಳೆ. ಕೆಲವರು ಗೆಲ್ಲುತ್ತಾರೆ. ಕೆಲವರು ಅರ್ಥವಾಗದೆ ಬೇರೆ ವಿಷಯಗಳಿಗೆ ಹೊರಳುತ್ತಾರೆ. ಅವರಲ್ಲಿ ಒಂದಿಷ್ಟು ಮಂದಿ ನಮ್ಮ ವಿಭಾಗಕ್ಕೆ ಬರುತ್ತಾರೆ. ಬಂದವರಿಗೆ ನಾವು ಹೇಳುವುದೇನು? ವಿಜ್ಞಾನವನ್ನು ಇನ್ನು ಮರೆತುಬಿಡಿ, ಇಲ್ಲಿ ರಸ, ಅಲಂಕಾರ, ಛಂದಸ್ಸು. ಆ ಹುಡುಗಿಗೆ ಗೊತ್ತಿದ್ದ ಅರ್ಧವನ್ನು ಹಿಂದಿನ ತರಗತಿ ಕಸಿದುಕೊಂಡಿತು. ಉಳಿದರ್ಧವನ್ನು ನಾವು ಬೇಡವೆನ್ನುತ್ತೇವೆ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಅವಳಿಗೆ ಕನ್ನಡವೂ ಗೊತ್ತು, ಸಾಂದ್ರತೆಯೂ ಗೊತ್ತು. ಕನ್ನಡದಲ್ಲಿ ವಿಜ್ಞಾನ ಬರೆಯಲು ಅವಳಿಗಿಂತ ತಕ್ಕವರನ್ನು ಎಲ್ಲಿ ಹುಡುಕುವುದು?

ಇದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆ. ಮೂಲ ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿದೆ, ನಾವು ಬರೆಯುವುದು ಎರಡನೆಯ ಕೈಯ ಸರಕು ಎಂಬುದು ಮೊದಲನೆಯದು. ಸಂಶೋಧನೆಯ ವಿಷಯದಲ್ಲಿ ಅದು ನಿಜ. ಆದರೆ ಈ ದೇಶದ ನೆಲವೇನೂ ಬರಡಲ್ಲ. 1885ರಲ್ಲಿ ಪಾಗ್ಸನ್ನರು ಕಂಡ ವೀರಾದ ಬಳಿಕ ನೂರು ವರ್ಷಕ್ಕೂ ಮೀರಿ ಭಾರತದಿಂದ ಹೊಸ ಕ್ಷುದ್ರಗ್ರಹ ಸಿಕ್ಕಿರಲಿಲ್ಲ. 1988ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಅವರು ಕಾವಲೂರಿನಿಂದ ಒಂದನ್ನು ಕಂಡುಹಿಡಿದರು. ಈಗ ಅದು ಗಣಿತಜ್ಞನ ಹೆಸರಿನಲ್ಲಿ 4130 ರಾಮಾನುಜನ್. ಅದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುತ್ತದೆ. ಮದರಾಸಿನ ಹಳೆಯ ವೀಕ್ಷಣಾಲಯ ಕೊಡೈಕನಾಲಿಗೆ ಹೋಗಿ, ಅಲ್ಲಿಂದ ಬೆಳೆದು ಬೆಂಗಳೂರಿಗೆ ಬಂದು ಈ ಸಂಸ್ಥೆಯಾಗಿದೆ. ಕನ್ನಡ ನಾಡಿನ ನಡುವಿನಲ್ಲಿಯೇ ನಡೆಯುತ್ತಿರುವ ಕೆಲಸವನ್ನು ಕನ್ನಡದಲ್ಲಿ ಹೇಳಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಎರಡನೆಯ ಆಕ್ಷೇಪ, ಹೀಗೆ ಬರೆದದ್ದು ಸಾಹಿತ್ಯವಾಗುವುದಿಲ್ಲವೆಂಬುದು. ಬೆನ್ನುವಿನ ನೆಲವನ್ನು ತಪ್ಪು ಓದಿದ ಕಥೆಯನ್ನು ಹತ್ತು ವಾಕ್ಯಗಳಲ್ಲಿ, ಒಂದು ಮಾತೂ ಹೆಚ್ಚಿಲ್ಲದೆ, ಒಂದು ಅಳತೆಯೂ ತಪ್ಪದೆ, ಓದುವವರ ಕಣ್ಣಿಗೆ ಕಟ್ಟುವಂತೆ ಬರೆಯಲು ಯಾರಾದರೂ ಯತ್ನಿಸಿ ನೋಡಲಿ, ಆಮೇಲೆ ಮಾತನಾಡೋಣ.

2029ರಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಗೆ ಸುಮಾರು 32,000 ಕಿಲೋಮೀಟರ್ ಸಮೀಪದಲ್ಲಿ ಹಾದುಹೋಗಲಿದೆ. ನಮ್ಮ ಗಡಿಯಾರದಂತೆ ಏಪ್ರಿಲ್ 14ರ ಬೆಳಗಿನ ಜಾವ, ಬಿಸು ಹಬ್ಬದ ಆಸುಪಾಸಿನಲ್ಲಿ. ಅದು ಬಡಿಯುವುದಿಲ್ಲವೆಂದು ಲೆಕ್ಕಗಳು ಖಚಿತವಾಗಿ ಹೇಳಿವೆ. ಆದರೆ ಆ ವಾರ ಗ್ರಹಚಾರದ ಮಾತು ಕಣಿಯ ಮುಂದೆಯೂ ಕೇಳಿಬರುವುದು ಅಷ್ಟೇ ಖಚಿತ. ಇಂದು ಮೊದಲನೆಯ ವರ್ಷದಲ್ಲಿರುವವರು ಆ ಹೊತ್ತಿಗೆ ಪದವೀಧರರಾಗಿ, ಕೆಲವರು ಶಾಲೆಗಳಲ್ಲಿ, ಕೆಲವರು ಪತ್ರಿಕೆಗಳಲ್ಲಿ ಇರುತ್ತಾರೆ. ಮಕ್ಕಳು ಕೇಳುವುದು ಅವರನ್ನೇ.

ವಿಭಾಗದ ಮುಂದೆ ನಾನಿಡುವ ಸೂಚನೆ ಚಿಕ್ಕದು. ಈ ವರ್ಷದ ನಿಯೋಜಿತ ಬರೆಹಗಳಲ್ಲಿ ಒಂದನ್ನು ಕವಿಪರಿಚಯಕ್ಕೆ ಬದಲಾಗಿ ಕಲ್ಲಿಗೆ ಮೀಸಲಿಡೋಣ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಲ್ಲನ್ನು, ಅಂಗಡಿಯ ತಕ್ಕಡಿ ಮತ್ತು ಅಕ್ಕಿಯ ಸೇರಿನ ಸಹಾಯದಿಂದ ಅಳೆದು, ಎರಡು ಪುಟಗಳಲ್ಲಿ ಬಣ್ಣಿಸಲಿ. ಒಣಗಿದಾಗ ಎಷ್ಟು ತೂಗಿತು, ಒಂದು ರಾತ್ರಿ ನೀರಿನಲ್ಲಿಟ್ಟ ಮೇಲೆ ಎಷ್ಟು ತೂಗಿತು, ಮುರಿದಲ್ಲಿ ಬಣ್ಣ ಹೇಗಿದೆ, ಉಗುರಿಗೆ ಗೀರಾಗುತ್ತದೆಯೇ ಎಂದೆಲ್ಲ. ಜತೆಗೆ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವರಲ್ಲಿ, ಸುರಂಗ ತೋಡಿದ ಹಿರಿಯರಲ್ಲಿ ಕೇಳಿ, ಗಟ್ಟಿ ಕಲ್ಲಿಗೆ, ಮೆತ್ತನೆಯದಕ್ಕೆ, ತೂತು ಹೆಚ್ಚಿರುವುದಕ್ಕೆ, ನೀರು ಬರುವುದಕ್ಕೆ, ಬಾರದ್ದಕ್ಕೆ ಅವರು ಏನೇನೆನ್ನುತ್ತಾರೆಂದು ಬರೆದುಕೊಂಡು ಬರಲಿ. ಕನ್ನಡ, ತುಳು, ಮಲೆಯಾಳ, ಹವ್ಯಕ, ಮರಾಠಿ, ಕೊಂಕಣಿ, ಮಾತು ಯಾವುದಾದರೂ ಆಗಲಿ. ಸುರಂಗ ತೋಡುವ ಕೈಗಳು ಈಗ ಕಡಿಮೆ. ಕೊಳವೆಬಾವಿಗಳು ಬಂದ ಮೇಲೆ ಆ ಪದಗಳನ್ನು ಬಳಸುವ ಸಂದರ್ಭವೂ ಕಡಿಮೆ. ಮಳೆ ಹಿಡಿದರೆ ಕೋರೆಯಲ್ಲಿ ನೀರು ನಿಂತು ಕೆಲಸ ನಿಲ್ಲುತ್ತದೆ, ಕೆಲಸದವರು ಊರಿಗೆ ಹೋಗುತ್ತಾರೆ. ಹೋಗುವುದಿದ್ದರೆ ಮೇ ತಿಂಗಳು ಮುಗಿಯುವುದರೊಳಗೆ ಹೋಗಬೇಕು.